ಹೊಸ್ತಿಲಲ್ಲಿ ಉಳಿದ ಹೆಸರು

ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಗಂಡನೇ ಬಿಗಿದ. ಅವನ ಬೆರಳು ಗದ್ದಕ್ಕೆ ತಾಗಿದಾಗ ಗುರುಬಸವ್ವ ಕಣ್ಣು ಮುಚ್ಚಿದಳು. ನಾಚಿಕೆ ಎಂದುಕೊಂಡು ಅವನು ಮೀಸೆಯಲ್ಲೇ ನಕ್ಕ. ಅವಳು ಕಣ್ಣು ಮುಚ್ಚಿದ್ದು ಬೇರೆ ಕಾರಣಕ್ಕೆ. ಜೆಟ್ಟಿಯ ಹಲಗೆಗಳ ಸಂದಿನಲ್ಲಿ ಹಸಿರು ನೀರು ಏರುತ್ತ ಇಳಿಯುತ್ತ ಇರುವುದು ಕಾಣುತ್ತಿತ್ತು.

"ಉಸಿರಾಡಾಕ ಬರತೈತಿಲ್ಲ?" ಎಂದು ಕೇಳಿದ.

ಅವಳು ಗೋಣು ಹಾಕಿದಳು.

"ಬಾಯಿ ಬಿಟ್ಟು ಹೇಳು. ಬರೇ ಗೋಣು ಹಾಕಿದ್ರ ನಾ ಏನಂತ ತಿಳ್ಕೋಬೇಕು?"

"ಬರತೈತ್ರಿ" ಎಂದಳು. ಅದು ಸಣ್ಣ ಸುಳ್ಳು.

ಅದು 2003ರ ಜನವರಿ ಕೊನೆ. ಕಾರವಾರದ ಹತ್ತಿರ, ಕಾಳಿ ನದಿ ಸಮುದ್ರ ಸೇರುವ ಕಡೆ ಆ ಸಣ್ಣ ಹಡಗು ನಿಂತಿತ್ತು. ಕೆಳಗೆ ಮಲಗುವ ಕೋಣೆಗಳು, ಮೇಲೆ ತಾಡಪತ್ರಿ ಹೊದಿಸಿದ ಮಾಳಿಗೆ. ಹಗಲೆಲ್ಲ ನದಿಯಲ್ಲಿ ಮೇಲಕ್ಕೆ ಹೋಗಿ, ಮಧ್ಯಾಹ್ನ ಕಾಡು ಸುತ್ತಿಸಿ, ರಾತ್ರಿ ಅಲ್ಲೇ ಲಂಗರು ಹಾಕಿ, ಮರುದಿನ ತಿರುಗಿ ಕರೆತರುತ್ತದೆ. ಬೈಲಹೊಂಗಲದ ಬಜಾರಿನಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದ ಅವಳ ಗಂಡನಿಗೆ ಮದುವೆಯ ಫೋಟೊ ತೆಗೆದು ತೆಗೆದು ಬೇಸರ ಬಂದಿತ್ತು. ಕಾಡಿನ ಹಕ್ಕಿಗಳ ಫೋಟೊ ತೆಗೆಯಬೇಕೆಂಬ ಆಸೆಯಲ್ಲಿ ಈ ಪ್ರವಾಸಕ್ಕೆ ಹೆಸರು ಕೊಟ್ಟಿದ್ದ. ಹೊಸ ಜೋಡಿಯನ್ನು ಒಂಟಿಯಾಗಿ ಕಳಿಸಲು ಅತ್ತೆ ಒಪ್ಪಲಿಲ್ಲ. ಹೀಗಾಗಿ ಅವನ ಅಕ್ಕ ಚನ್ನವ್ವ, ಭಾವ ನಿಜಗುಣಪ್ಪ ಜೊತೆಗೆ ಬಂದಿದ್ದರು. ಉಳಿದವರು ಹುಬ್ಬಳ್ಳಿ, ಬೆಳಗಾವಿ ಕಡೆಯ ನಾಲ್ಕೈದು ಸಂಸಾರಗಳು.

ಬೈಲಹೊಂಗಲದಿಂದ ಟ್ರ್ಯಾಕ್ಸ್ ಓಡಿಸಿಕೊಂಡು ಬಂದಿದ್ದ ದಸ್ತಗೀರಸಾಬನನ್ನೂ ಹಡಗಿಗೆ ಕರೆದರು. ಅವನು ಹತ್ತಲಿಲ್ಲ.

"ನೀವ ಹೋಗಿ ಬರ್ರಿ, ಸಾಹುಕಾರ. ತಳದಾಗ ನಾಕ ಗಾಲಿ ಕಾಣದಿದ್ರ ನನಗ ನಿದ್ದಿ ಹತ್ತೂದಿಲ್ಲ" ಎಂದು ಗಾಡಿಯ ನೆರಳಲ್ಲಿ ಜಮಖಾನಿ ಹಾಸಿದ. ಗುರುಬಸವ್ವನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಅವಳ ಅಂಜಿಕೆ ನೀರಿನದಷ್ಟೇ ಆಗಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಅದರ ಜೊತೆ ಇನ್ನೊಂದಿತ್ತು. ಅದು ಗಂಡನ ಹೆಸರು.

ಮದುವೆಯಾದ ದಿನ ಬೈಲಹೊಂಗಲದ ಮನೆಯ ಬಾಗಿಲಲ್ಲಿ ಚನ್ನವ್ವ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಪ್ರಾಸ ಕಟ್ಟಿದ ಎರಡು ಸಾಲಿನ ಒಡಪು ಹಾಕಿ, ಅದರಲ್ಲಿ ಗಂಡನ ಹೆಸರು ಹೇಳಿದರೆ ಮಾತ್ರ ಸೊಸೆ ಹೊಸ್ತಿಲು ದಾಟಬೇಕು. ಆ ಮನೆತನಗಳಲ್ಲಿ ಹೆಣ್ಣುಮಗಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಇಂಥ ಕೆಲವು ಗಳಿಗೆಗಳಲ್ಲಿ. ಮುಂದೆ ಜೀವಮಾನವಿಡೀ 'ರೀ' ಎಂದರೆ ಸಾಕು, 'ನಮ್ಮ ಮನಿಯವರು' ಎಂದರೆ ಸಾಕು. ಓಣಿಯ ಹೆಂಗಸರು ಕಿವಿಯಾನಿಸಿ ಕಾದರು. ಗುರುಬಸವ್ವನ ತುಟಿ ಅಲುಗಿತು, ಹಣೆ ಬೆವರಿತು, ದನಿ ಹೊರಡಲಿಲ್ಲ. ಕೊನೆಗೆ ಅತ್ತೆ ಬಂದು, ಹುಡುಗಿ ದಣಿದಿದ್ದಾಳೆ ಎಂದು ಒಳಗೆ ಕರೆದುಕೊಂಡಳು.

"ಇವತ್ತ ಬಿಟ್ಟೇನಿ, ತಂಗಿ. ಒಂದಿನ ಇದ ಬಾಗಲದಾಗ ಹಿಡೀತೇನಿ" ಎಂದು ಚನ್ನವ್ವ ನಕ್ಕಳು. ಎಲ್ಲರೂ ನಕ್ಕರು. ಮದುಮಗ ನಗಲಿಲ್ಲ.

ಅವನ ಹೆಸರು ಸಿದ್ಧಾರೂಢ. ಗುರುಬಸವ್ವನ ಅಣ್ಣನ ಹೆಸರೂ ಅದೇ.

ಕಟಕೋಳದ ಮನೆಯಲ್ಲಿ ಎಲ್ಲರೂ ಅಣ್ಣನನ್ನು ಸಿದ್ದು ಎನ್ನುತ್ತಿದ್ದರು. ತಂಗಿ ಮಾತ್ರ ಪೂರ್ತಿ ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಓಗೊಡುವುದಿಲ್ಲ ಎಂದು ಅವನ ಹಟ. ಒಂದು ಸಂಕ್ರಾಂತಿಗೆ ಎಲ್ಲರೂ ಎಳ್ಳು ಹಚ್ಚಿಕೊಂಡು ಮೀಯಲು, ಬುತ್ತಿ ಕಟ್ಟಿಕೊಂಡು ಮಲಪ್ರಭೆಗೆ ಹೋಗಿದ್ದರು. ಅಣ್ಣ ಆಚೆ ದಂಡೆಗೆ ಈಸಿದ. ಅವಳಿಗೆ ಆಗ ಒಂಬತ್ತು ವರ್ಷ. ಅವನು ಅಷ್ಟು ದೂರ ಹೋದದ್ದು ಕಂಡು ಗಾಬರಿಯಾಗಿ ಹೆಸರು ಹಿಡಿದು ಕೂಗಿದಳು. ಆಚೆ ದಂಡೆ ಅವನಿಗೆ ಒಂದು ಮಾರು ಉಳಿದಿತ್ತು. ಅವನು ಹೊರಳಿ ನೋಡಿದ, ಕೈ ಎತ್ತಿದ, ತಿರುಗಿ ಅವಳ ಕಡೆಗೇ ಈಸತೊಡಗಿದ. ನಡುಹೊಳೆಯವರೆಗೆ ಬಂದ. ಅಲ್ಲಿಂದ ಮುಂದೆ ಬರಲಿಲ್ಲ.

ತಾನು ಕರೆಯದಿದ್ದರೆ ಅವನು ದಂಡೆ ಮುಟ್ಟುತ್ತಿದ್ದ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ವರನ ಹೆಸರು ಕೇಳಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೋದ ಹೆಸರು ತಿರುಗಿ ಮನೆಗೆ ಬಂತು ಎಂದು ಹಿಗ್ಗಿದ್ದಳು. ಬೀಗರಿಗೆ ಮಾತ್ರ, ಹಿರಿಯ ಮಗ ಸಣ್ಣವನಿದ್ದಾಗ ತೀರಿಕೊಂಡ ಎಂದಷ್ಟೇ ತಿಳಿಸಿದ್ದರು. ಗುರುಬಸವ್ವ ಹಿಗ್ಗಲಿಲ್ಲ. ತನ್ನ ಬಾಯಿಂದ ಆ ಹೆಸರು ಇನ್ನೊಮ್ಮೆ ಹೊರಬಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳು ನಂಬಿದ್ದಳು.

*

ಹಡಗು ನದಿಯ ಮೇಲಕ್ಕೆ ಹೋದಂತೆ ಊರುಗಳು ಹಿಂದೆ ಸರಿದವು. ಎರಡೂ ದಂಡೆಗೆ ಕಾಡು ನೀರಿಗೇ ಬಾಗಿ ನಿಂತಿತ್ತು. ಒಂದರ ಹೆಗಲ ಮೇಲೊಂದು ಹತ್ತಿದಂಥ ಮರಗಳು, ಅವುಗಳಿಗೆ ಸುತ್ತಿಕೊಂಡ ತೊಡೆದಪ್ಪದ ಬಳ್ಳಿಗಳು. ಬಿಸಿಲು ಎಲೆಗಳಲ್ಲೇ ಸೋಸಿ ಹೋಗಿ ಬುಡದಲ್ಲಿ ಹಗಲೇ ಕತ್ತಲಿತ್ತು. ಕಪ್ಪು ಮಣ್ಣಿನ ಬಯಲು, ಜೋಳದ ಹೊಲ, ಎತ್ತ ನೋಡಿದರೂ ಆಕಾಶ ನೆಲ ಮುಟ್ಟುವ ಸೀಮೆಯಲ್ಲಿ ಬೆಳೆದವಳಿಗೆ ಈ ಹಸಿರು ಮೈಮೇಲೆ ಬರುವಂತೆ ಕಂಡಿತು. ಇಲ್ಲಿ ಯಾರಾದರೂ ಹತ್ತು ಹೆಜ್ಜೆ ಸರಿದರೆ ಕಾಣುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಸಿದ್ಧಾರೂಢ ಮಾಳಿಗೆಯ ಕಟಾಂಜನಕ್ಕೆ ಒರಗಿ ಕ್ಯಾಮೆರಾ ಎತ್ತಿದ. ಹಕ್ಕಿಯ ಕಡೆಗಲ್ಲ, ಅವಳ ಕಡೆಗೆ.

"ನಗು ಅನ್ನೂದಿಲ್ಲ" ಎಂದ. "ಹೆದರಿದ ಮಾರಿನೂ ಚಂದ ಬರತೈತಿ."

"ರೋಲ್ ಯಾಕ ಹಾಳು ಮಾಡತೀರಿ? ಹಕ್ಕಿ ತಗೀರಿ."

"ಹಕ್ಕಿ ಹಾರಿ ಹೋಗತಾವು."

"ನಾ ಎಲ್ಲಿ ಹೋಗತೇನ್ರಿ?"

ಅವನು ಕ್ಯಾಮೆರಾ ಇಳಿಸಿ ನೋಡಿದ. ಅವನ ನೋಟದಲ್ಲಿ ತುಂಟತನ ಇತ್ತು, ಅದರ ಹಿಂದೆ ಇನ್ನೇನೋ ಕಾಯುತ್ತಿತ್ತು. ಉಳಿದವರು ಕೆಳಗೆ ಊಟಕ್ಕೆ ಇಳಿದಿದ್ದರು. ಗಾಳಿಗೆ ಹಾರಿದ ಅವಳ ಸೆರಗನ್ನು ಅವನು ಹಿಡಿದು, ಹೆಗಲಿಗೆ ತಿರುಗಿ ಹೊದಿಸಿದ. ಕೈಯನ್ನು ತಕ್ಷಣ ತೆಗೆಯಲಿಲ್ಲ.

"ಇಲ್ಲಿ ಓಣಿಯವರಿಲ್ಲ, ಚನ್ನಕ್ಕಿಲ್ಲ. ಒಂದ ಸಲ ಹೇಳು. ಒಡಪು ಬ್ಯಾಡ, ಬರೇ ಹೆಸರು."

ಅವಳು ನೀರು ನೋಡಿದಳು. ನೀರು ಕಪ್ಪಗೆ, ದಪ್ಪಗೆ, ಸದ್ದಿಲ್ಲದೆ ಹರಿಯುತ್ತಿತ್ತು.

"ಆಗೂದಿಲ್ರಿ."

ಅವನ ಕೈ ಹೆಗಲಿನಿಂದ ಇಳಿಯಿತು. ಒಂದೊಂದೇ ಮಾತು ಆರಿಸಿಕೊಂಡು ಹೇಳಿದ:

"ನಿನಗ ಈ ಮದುವಿ ಮನಸ್ಸಿಗೆ ಬಂದಿಲ್ಲಂದ್ರ ಹೇಳಿಬಿಡು, ಗುರು. ಮಂದಿ ಮುಂದ ಅಲ್ಲ, ನನ್ನ ಮುಂದ. ಊರಿಗೆ ಹೋದ ಮ್ಯಾಲ ಕಟಕೋಳಕ್ಕ ಬಿಟ್ಟು ಬರತೇನಿ. ಯಾರೂ ನಿನಗೊಂದು ಮಾತು ಅನ್ನದಂಗ ನೋಡಕೋತೇನಿ."

ಮನಸ್ಸಿಗೆ ಬಂದಿದ್ದಾನೆ ಎಂಬುದೇ ಅವಳ ಸಂಕಟವೆಂದು ಹೇಗೆ ಹೇಳುವುದು? ಅವನು ಡಾರ್ಕ್ ರೂಮಿನಿಂದ ಹೊರಬರುವಾಗ ಬೆಳಕಿಗೆ ಕಣ್ಣು ಕಿರಿದು ಮಾಡುವುದು, ತಟ್ಟೆಯ ಕೊನೆಯ ತುಂಡು ರೊಟ್ಟಿ ಅವಳಿಗೆ ಉಳಿಸುವುದು, ಎಲ್ಲವೂ ಒಂದು ತಿಂಗಳಲ್ಲಿ ಅವಳೊಳಗೆ ಇಳಿದಿದ್ದವು. ಬಾಯಿ ತೆರೆಯುವಷ್ಟರಲ್ಲಿ ಚನ್ನವ್ವ ಕೆಳಗಿನಿಂದ ಊಟಕ್ಕೆ ಕರೆದಳು. ಅವನು ಮೆಟ್ಟಿಲು ಇಳಿದು ಹೋದ.

*

ಮಧ್ಯಾಹ್ನ ನದಿಯ ಒಂದು ತಿರುವಿನಲ್ಲಿ ಹಡಗು ನಿಂತಿತು. ಹಡಗಿನ ಯಜಮಾನಿಕೆ ನಡೆಸುವವನನ್ನು ಅಲ್ಲಿಯವರು ತಾಂಡೇಲ ಎನ್ನುತ್ತಾರೆ. ಈ ತಾಂಡೇಲ ಪುಂಡಲೀಕ, ಕಡಿಮೆ ಮಾತಿನ ನಡುವಯಸ್ಸಿನವನು. ಮೋಟಾರು ಕಟ್ಟಿದ ಸಣ್ಣ ದೋಣಿಯಲ್ಲಿ ಎಲ್ಲರನ್ನೂ ದಂಡೆಗೆ ಇಳಿಸಿ, ಕಾಡಿನ ಕಾಲುದಾರಿಯಲ್ಲಿ ನಡೆಸಿದ. ನೆಲವೆಲ್ಲ ಕೊಳೆತ ಎಲೆಯ ಮೆತ್ತೆ. ಜೀರುಂಡೆಗಳ ಸದ್ದು ಕಿವಿಯೊಳಗೇ ಹುಟ್ಟಿದಂತಿತ್ತು. ತಲೆಯ ಮೇಲೆ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಹಾರಿದಾಗ ರೆಕ್ಕೆಯ ಸದ್ದಿಗೆ ಹೆಂಗಸರು ಬಗ್ಗಿದರು. ಸಿದ್ಧಾರೂಢ ಮಾತ್ರ ಕತ್ತೆತ್ತಿ ನಿಂತ. ಅವನು ಬೆಳಗಿನಿಂದ ಕಾಯುತ್ತಿದ್ದುದು ಅದಕ್ಕೇ.

ತಿರುಗಿ ಬರುವಾಗ ಪದ್ಧತಿಯಂತೆ ಹೆಂಗಸರು ದೋಣಿಯ ಮೊದಲ ಸರದಿಗೆ ಹತ್ತಿದರು, ಹಡಗಿನ ಆಳು ಅವರನ್ನು ಕರೆದೊಯ್ದ; ಗಂಡಸರು ತಾಂಡೇಲನ ಜೊತೆ ಎರಡನೆಯ ಸರದಿಗೆ ನಿಂತರು. ತನ್ನವನು ಗಂಡಸರ ಜೊತೆ ಬರುತ್ತಾನೆ ಎಂದು ಗುರುಬಸವ್ವ ತಿಳಿದಳು. ಎರಡನೆಯ ಸರದಿ ಬಿಡುವ ಮುನ್ನ ತಾಂಡೇಲ, ಎಲ್ಲರೂ ಬಂದಿರಾ ಎಂದು ಕೇಳಿದ. ನಿಜಗುಣಪ್ಪ ಸುತ್ತ ನೋಡಿ ನಕ್ಕು, ನಮ್ಮ ಮೈದುನ ಹೊಸ ಮದುವೆಯ ಆಳು, ಹೆಂಡತಿಯ ದೋಣಿಗೇ ಏರಿರುತ್ತಾನೆ ಎಂದ. ಗಂಡಸರೆಲ್ಲ ಗೊಳ್ಳೆಂದರು. ಆ ನಗೆಯಲ್ಲಿ ದೋಣಿ ಹೊರಟಿತು.

ಹಡಗು ರಾತ್ರಿಯ ತಂಗುದಾಣಕ್ಕೆಂದು ತಿರುವಿನ ಆಚೆಗೆ ಸರಿದು, ನಡುನೀರಿನಲ್ಲಿ ಲಂಗರು ಹಾಕಿತು. ಚಹಾ ಬಂದಾಗ ಗುರುಬಸವ್ವ ಎರಡು ಕಪ್ಪು ಹಿಡಿದು ಮಾಳಿಗೆಗೆ ಹೋದಳು, ಕೋಣೆಗೆ ಹೋದಳು, ಹಿಂದಕ್ಕೆ ಅಡಿಗೆಮನೆಗೂ ಹೋದಳು. ನಿಜಗುಣಪ್ಪ ಇಸ್ಪೀಟು ಕಲಸುತ್ತ ಕುಳಿತಿದ್ದ.

"ಅಣ್ಣಾರ, ಇವರೆಲ್ಲಿ?"

"ನಿನ್ನ ಕೂಡ ಬರಲಿಲ್ಲೇನು?"

ಕಪ್ಪಿನ ಚಹಾ ತುಳುಕಿ ಅವಳ ಕೈ ಸುಟ್ಟಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

*

ತಾಂಡೇಲ ದೋಣಿ ಬಿಟ್ಟುಕೊಂಡು ಮಧ್ಯಾಹ್ನ ಇಳಿದಿದ್ದ ಜಾಗಕ್ಕೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಕೆಸರಿನಲ್ಲಿ ಬೂಟಿನ ಗುರುತು ಮಾತ್ರ ದಂಡೆಗುಂಟ ಹಡಗಿನ ದಿಕ್ಕಿಗೆ ಹೊರಟಿತ್ತು. ತಿರುಗಿ ಬಂದು ಅವನು ಎಲ್ಲರಿಗೂ ಬಿಡಿಸಿ ಹೇಳಿದ. ಹಡಗಿಗೂ ಕಾಡಿನ ದಂಡೆಗೂ ನಡುವೆ ಒಂದು ತಗ್ಗಿನ ದ್ವೀಪ ಇದೆ, ಅದರ ತುಂಬ ಉಪ್ಪುನೀರಿನ ಕೆಸರಿನಲ್ಲಿ ಬೇರು ಹರಡಿ ಬೆಳೆಯುವ ಕಾಂಡ್ಲಾ ಗಿಡ. ಇಳಿತದ ಹೊತ್ತಿನಲ್ಲಿ ದಂಡೆಯಿಂದ ಅಲ್ಲಿಗೆ ಮೊಳಕಾಲು ನೀರಿನಲ್ಲಿ ದಾಟಬಹುದು. ಹಡಗಿನ ದೀಪ ಕಂಡು ಅವನು ದಾಟಿರಬೇಕು. ಈಗ ಸಮುದ್ರದ ಭರತಿ ಏರುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಆ ದ್ವೀಪದಲ್ಲಿ ಗಿಡದ ತಲೆಗಳಷ್ಟೇ ಕಾಣುತ್ತವೆ.

ಮೊಸಳೆ ಇವೆಯೇ ಎಂದು ಹುಬ್ಬಳ್ಳಿಯವರೊಬ್ಬರು ಕೇಳಿದರು.

"ಮೊಸಳೆ ಮೇಲೆ ದಾಂಡೇಲಿ ಕಡೆ. ಇಲ್ಲಿ ಕೆಸರು, ನಡುನಡುವೆ ಆಳದ ಕಾಲುವೆ" ಎಂದ ತಾಂಡೇಲ. "ಅವರು ಒಂದೇ ಕಡೆ ನಿಂತರೆ ಹೋಗಿ ತರುತ್ತೇನೆ. ತಿರುಗಾಡಿದರೆ..." ಮಾತು ಮುಗಿಸಲಿಲ್ಲ. ಬೇರಿನಲ್ಲಿ ಮೋಟಾರಿನ ರೆಕ್ಕೆ ಸಿಕ್ಕುತ್ತದೆ ಎಂದು ಮೋಟಾರು ಎತ್ತಿ ಕಟ್ಟಿ, ಹುಟ್ಟು ಹಿಡಿದು ಹೊರಟ.

ಬೆಳಕು ಹೋಗುತ್ತಿತ್ತು. ಕಟಾಂಜನಕ್ಕೆ ಸಾಲಾಗಿ ನಿಂತು ಎಲ್ಲರೂ ಕೂಗತೊಡಗಿದರು. ಚನ್ನವ್ವ ಎದೆ ಬಡಿದುಕೊಳ್ಳುತ್ತ, "ಈ ಕಡೆ ಬಾರೋ, ತಮ್ಮಾ, ದೀಪದ ಕಡೆ ಬಾ" ಎಂದು ಅರಚಿದಳು. ನಿಜಗುಣಪ್ಪ ಹಡಗಿನ ಆ ತುದಿಯಿಂದ ಬಾ ಎಂದ, ಇನ್ನೊಬ್ಬರು ಈ ತುದಿಯಿಂದ ಬಾ ಎಂದರು. ಎದುರಿನ ಗುಡ್ಡ ಎಲ್ಲವನ್ನೂ ತಿರುಗಿ ಹೇಳಿತು. ದ್ವೀಪದೊಳಗಿನಿಂದ ಕೊನೆಗೂ ಒಂದು ದನಿ ಬಂತು.

"ಬಂದೇ..."

ಎಲ್ಲರೂ ಹಿಗ್ಗಿ ಇನ್ನೂ ಜೋರಾಗಿ ಕರೆದರು. ಮುಂದಿನ ಓಗೊಡುವಿಕೆ ಎಡಗಡೆಯಿಂದ ಬಂತು. ಅದರ ಮುಂದಿನದು ಬಲಗಡೆಯಿಂದ. ತಾಂಡೇಲನ ಬ್ಯಾಟರಿಯ ಬೆಳಕು ಗಿಡಗಳ ನಡುವೆ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ, ಆಮೇಲೆ ದಿಕ್ಕು ಕಾಣದೆ ನಿಂತಿತು. ನೀರಿನಲ್ಲಿ ಯಾರೋ ಕುಸಿದ ಸದ್ದಾಯಿತು. ಮತ್ತೆ ಎದ್ದ ಸದ್ದಾಯಿತು.

ಗುರುಬಸವ್ವ ಕಬ್ಬಿಣದ ಸರಳು ಹಿಡಿದು ನಿಂತಿದ್ದಳು. ಹಡಗಿನ ಮೇಲೆ ಅವಳಿಗಷ್ಟೇ ಅದು ತಿಳಿಯಿತು. ಇದನ್ನು ಅವಳು ಮೊದಲೊಮ್ಮೆ ನೋಡಿದ್ದಳು. ಕರೆದಲ್ಲಿಗೆ ಅವನು ಬರುತ್ತಿದ್ದಾನೆ. ಯಾರು ಕರೆದರೆ ಅವರ ಕಡೆಗೆ, ನಡುವೆ ನೀರೆಷ್ಟಿದೆ ಎಂದು ನೋಡದೆ ಬರುತ್ತಿದ್ದಾನೆ.

ಅವಳು ಚನ್ನವ್ವನ ರಟ್ಟೆ ಹಿಡಿದಳು.

"ಅಕ್ಕಾರ, ಕರೀಬ್ಯಾಡ್ರಿ."

"ತಮ್ಮನ್ನ ಕರೀಬ್ಯಾಡ ಅಂತೀಯೇನ? ಹೆಸರು ಹೇಳಾಕನೂ ಬಾಯಿ ಬರಲಿಲ್ಲ ನಿನಗ. ಈಗ ನಮಗ ಬಾಯಿ ಮುಚ್ಚಂತಿ?"

"ಕರದ್ರ ಬರತಾರ್ರಿ. ಬರಾಕ ಹೋಗಿ ನೀರಿಗೆ ಬೀಳತಾರ. ನಿಮ್ಮ ಕಾಲಿಗೆ ಬೀಳತೇನಿ, ಎಲ್ಲಾರೂ ಸುಮ್ಮನಾಗ್ರಿ. ಒಬ್ಬರ ಕರೀಬೇಕು."

ಅವಳ ಮುಖದಲ್ಲಿ ಏನು ಕಂಡಿತೋ, ಚನ್ನವ್ವ ಸುಮ್ಮನಾದಳು. ಕೈಯೆತ್ತಿ ಉಳಿದವರನ್ನೂ ಸುಮ್ಮನಾಗಿಸಿದಳು. ಗುಡ್ಡ ಕೊನೆಯ ಕೂಗನ್ನು ತಿರುಗಿ ಹೇಳಿ ತಾನೂ ಸುಮ್ಮನಾಯಿತು. ಹಡಗಿನ ಹೊಟ್ಟೆಗೆ ನೀರು ಬಡಿಯುವುದಷ್ಟೇ ಉಳಿಯಿತು.

"ರೀ..." ಎಂದು ಗುರುಬಸವ್ವ ಕರೆದಳು.

ಉತ್ತರ ಬರಲಿಲ್ಲ. ಅಷ್ಟು ಹೊತ್ತಿನಿಂದ ಹಡಗಿನ ಹೆಂಗಸರೆಲ್ಲ ತಮ್ಮತಮ್ಮ ಗಂಡಂದಿರನ್ನು ಅದೇ ಮಾತಿನಿಂದ ಕರೆಯುತ್ತಿದ್ದರು. ಇದು ತನಗೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಅವಳ ಕಣ್ಣ ಮುಂದೆ ಮಲಪ್ರಭೆಯ ನೀರು ಬಂತು. ಎತ್ತಿದ ಒಂದು ಕೈ ಕಂಡಿತು. ಹದಿಮೂರು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಹೆಸರನ್ನು ಅವಳು ಬಿಟ್ಟಳು.

"ಸಿದ್ಧಾರೂಢಾ..."

ಕಾಡು ಕೇಳಿತು. ಆಮೇಲೆ, ಬಲಗಡೆ, ಅಂದುಕೊಂಡದ್ದಕ್ಕಿಂತ ದೂರದಿಂದ:

"ಓ."

ಅಂದು ನದಿಯ ದಂಡೆಯಲ್ಲಿ ನಿಂತ ಹುಡುಗಿಗೆ ಹೊಳೆಯದಿದ್ದ ಮಾತನ್ನು ಅವಳು ಈಗ ಕೂಗಿದಳು.

"ಅಲ್ಲೇ ನಿಂದರ್ರಿ. ಬರಬ್ಯಾಡ್ರಿ. ಗಿಡಾ ಹಿಡಕೊಂಡು ಅಲ್ಲೇ ನಿಂದರ್ರಿ. ದೋಣಿನ ನಿಮ್ಮ ಕಡೆ ಬರತೈತಿ."

ನೀರಿನಲ್ಲಿ ಕಾಲು ಎಳೆಯುವ ಸದ್ದು ನಿಂತಿತು. ಅವಳು ಮತ್ತೆ ಹೆಸರು ಕರೆದಳು. ಓ ಎಂದ. ಮತ್ತೆ ಕರೆದಳು. ಓ ಎಂದ, ಅದೇ ಜಾಗದಿಂದ. ತಾಂಡೇಲನ ಬ್ಯಾಟರಿ ಈಗ ಅಲೆದಾಡಲಿಲ್ಲ. ಆ ದನಿಯನ್ನು ಹಗ್ಗದಂತೆ ಹಿಡಿದು ಗಿಡಗಳ ಒಳಗೆ ಇಳಿಯಿತು. ಕರೆಯುತ್ತ ಕರೆಯುತ್ತ ಅವಳ ಗಂಟಲು ಒಡೆಯಿತು. ಆದರೂ ಕರೆದಳು.

ಒಮ್ಮೆ ಓ ಬರಲಿಲ್ಲ.

ಬೆಳಕೂ ಗಿಡದ ಹಿಂದೆ ಮರೆಯಾಗಿತ್ತು. ಚನ್ನವ್ವ ಅವಳ ಸೊಂಟ ಹಿಡಿದುಕೊಂಡಳು. ಗುರುಬಸವ್ವ ಇನ್ನೊಮ್ಮೆ ಕರೆಯಲು ಬಾಯಿ ತೆರೆದಳು. ದನಿಯೇ ಇರಲಿಲ್ಲ, ಬರೀ ಗಾಳಿ ಹೊರಟಿತು.

ಆಗ ಹುಟ್ಟಿನ ಸದ್ದು ಕೇಳಿತು. ದ್ವೀಪದ ಮಗ್ಗುಲಿನಿಂದ ದೋಣಿ ಹೊರಬಂತು. ಅದರಲ್ಲಿ ಇಬ್ಬರಿದ್ದರು.

*

ಎದೆಮಟ್ಟ ಕೆಸರು, ಹರಿದು ಚಿಂದಿಯಾದ ಅಂಗಿ, ಕೈಯಲ್ಲಿ ಬಿಗಿಹಿಡಿದ ಕ್ಯಾಮೆರಾ. ಅವನನ್ನು ಕಂಡು ಚನ್ನವ್ವ ಮೊದಲು ಬೈದಳು, ಆಮೇಲೆ ಅತ್ತಳು. ನಿಜಗುಣಪ್ಪನಿಗೆ ತಲೆ ಎತ್ತಲಾಗಲಿಲ್ಲ. ಬಿಸಿನೀರು, ಕಂಬಳಿ, ಚಹಾ ಎಲ್ಲ ಮುಗಿದು ಉಳಿದವರು ಊಟಕ್ಕೆ ಹೋದ ಮೇಲೆ ಗುರುಬಸವ್ವ ಅವನ ಪಕ್ಕದ ಬೆಂಚಿಗೆ ಬಂದು ಕುಳಿತಳು. ತಾನಾಗಿಯೇ, ಮಗ್ಗುಲಿಗೆ ಮಗ್ಗುಲು ತಾಗುವಂತೆ.

"ನಡುವ ಯಾಕ ಓ ಅನ್ನಲಿಲ್ರಿ?" ದನಿ ಒಡೆದಿತ್ತು, ಪಿಸುಮಾತಿಗಿಂತ ಹೆಚ್ಚು ಬರಲಿಲ್ಲ.

"ದೋಣಿ ಏರಾಕ ಹತ್ತಿದ್ದೆ. ಕ್ಯಾಮೆರಾದ ಪಟ್ಟಿ ಹಲ್ಲಾಗ ಕಚ್ಚಕೊಂಡಿದ್ದೆ."

ಅವಳು ನಗಲು ಹೋದಳು. ಬದಲಿಗೆ ಅಳು ಬಂತು. ಅವನು ಕಂಬಳಿಯ ಅರ್ಧವನ್ನು ಅವಳಿಗೆ ಹೊದಿಸಿದ.

"ಮೊದಲ ಸಲ ಕರದಾಗ ನೀ ಅಂತ ಗೊತ್ತಾಗಲಿಲ್ಲ. ನಿನ್ನ ಬಾಯಾಗ ಆ ಹೆಸರು ಕೇಳಿರಲಿಲ್ಲಲ್ಲ" ಎಂದ.

ಆಗ ಅವಳು ಹೇಳಿದಳು. ಎಳ್ಳು ಹಚ್ಚಿಕೊಂಡ ಆ ಬೆಳಗು, ಒಂದು ಮಾರು ದೂರದ ಆಚೆ ದಂಡೆ, ಎತ್ತಿದ ಕೈ, ಅಣ್ಣನ ಹೆಸರು, ಎಲ್ಲವನ್ನೂ ಹೇಳಿದಳು. ಮುಗಿದ ಮೇಲೆ ಅವನು ಅವಳ ಸುಟ್ಟ ಬೆರಳುಗಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ.

"ಒಂಬತ್ತ ವರ್ಷದ ಕೂಸು" ಎಂದ. "ತಂಗಿ ಅಂಜ್ಯಾಳಂತ ಹೊಳ್ಳಿ ಬಂದ ಆಂವ. ನಾ ಇದ್ರೂ ಹಂಗ ಬರತಿದ್ದೆ." ಆಮೇಲೆ, "ಆ ಹೆಸರು ನಿನಗ ಭಾರ ಆಗಿದ್ರ ಬ್ಯಾರೆ ಒಂದ ಇಡು. ನಾ ಅದಕ್ಕ ಓ ಅಂತೇನಿ."

"ಬ್ಯಾಡ್ರಿ." ಅವಳು ಕತ್ತಲಲ್ಲಿ ಅವನ ಮುಖ ಹುಡುಕಿ ನೋಡಿದಳು. "ಕರದ್ರ ಜೀವ ಉಳೀತೈತಿ ಅಂತ ಇವತ್ತ ಗೊತ್ತಾತು." ಆಮೇಲೆ, ಹೆದರುತ್ತಲೇ, "ಕಟಕೋಳಕ್ಕ ಬಿಟ್ಟು ಬರತೀರೇನ್ರಿ ನನ್ನ?"

"ಒಬ್ಬಾಕಿನ್ನ ಹೆಂಗ ಬಿಡಲಿ? ಹಾದಿ ತಪ್ಪಿದ್ರ ನನ್ನ ಕರಿಯೋರು ಯಾರು?"

ಹೊರಗೆ ನೀರು ಏರುತ್ತಲೇ ಇತ್ತು. ದ್ವೀಪದ ಗಿಡಗಳು ಒಂದೊಂದಾಗಿ ತಲೆಯವರೆಗೆ ಮುಳುಗಿದವು. ಅವಳಿಗೆ ಆ ರಾತ್ರಿಯೂ ಅಂಜಿಕೆಯಿತ್ತು. ಅವನ ಹೆಗಲಿಗೆ ತಲೆ ಕೊಟ್ಟು, ಅವನ ಉಸಿರನ್ನು ಕೇಳುತ್ತ ಅಂಜಿದಳು.

*

ಮರುದಿನ ಸಂಜೆ ದಸ್ತಗೀರಸಾಬನ ಟ್ರ್ಯಾಕ್ಸ್ ಬೈಲಹೊಂಗಲದ ಓಣಿಯಲ್ಲಿ ನಿಂತಿತು. ಚನ್ನವ್ವ ಎಲ್ಲರಿಗಿಂತ ಮೊದಲು ಇಳಿದು, ಓಡಿಹೋಗಿ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಳು. ಈ ಸಲ ಅವಳ ಕಣ್ಣು ತುಂಬಿದ್ದವು. ಅತ್ತೆ ಒಳಗಿನಿಂದ ಬಂದು ಇದೇನೆಂದು ನೋಡಿದಳು.

ಗುರುಬಸವ್ವ ಹೊಸ್ತಿಲ ಮುಂದೆ ನಿಂತಳು. ಒಡೆದ ಗಂಟಲು ಇನ್ನೂ ಕೂಡಿರಲಿಲ್ಲ. ಸೆರಗು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದದ್ದನ್ನು ನಿಧಾನವಾಗಿ ಹೇಳಿದಳು:

"ಕಾಳಿ ಹೊಳಿ ಕೆಸರಾಗ ಕಾಂಡ್ಲಾ ಗಿಡದ ಬೇರು,
ಕರದ್ರ ಅಲ್ಲೇ ನಿಂತು ಓ ಅಂದವರು ಯಾರು?
ಸಿದ್ಧಾರೂಢ ಅವರು, ನಮ್ಮ ಮನಿಯವರು."

ಬೆನ್ನ ಹಿಂದೆ, ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದವನು ಓಗೊಟ್ಟ.

"ಓ."

ಚನ್ನವ್ವ ಕೈ ಇಳಿಸಿದಳು.